ಅರ್ಧ ಹರಿ, ಅರ್ಧ ಹರ

ದಾವಣಗೆರೆಯ ಬೇಸಿಗೆ ಕಂಡವರಿಗೆ ನಾನು ಬೇರೆ ಹೇಳಬೇಕಿಲ್ಲ. ಯುಗಾದಿ ಕಳೆದು ಹದಿನೈದು ದಿನಕ್ಕೆಲ್ಲ ಬೆಳಗಿನ ಒಂಬತ್ತು ಗಂಟೆಗೇ ತಗಡಿನ ಶೆಡ್ಡು ರೊಟ್ಟಿ ಹಂಚಿನ ಹಾಗೆ ಕಾದು ಕೂತಿರುತ್ತದೆ. ಅಂಥದೊಂದು ಶೆಡ್ಡಿನಲ್ಲಿ ನಮ್ಮ ಸೋದರಮಾವನ ಲೇಥ್ ಅಂಗಡಿ. ಬೇಸಿಗೆ ರಜೆ ಬಂದರೆ ನಾನು ಅಲ್ಲೇ. ಯಾವ ವರ್ಷ ಅಂತ ಕೇಳಿದರೆ ಖಚಿತ ಹೇಳಲಾರೆ. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು. ನನ್ನದು ಏಳನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತೋ ಎಂಟನೆಯದೋ, ಅದೂ ಮಸುಕು.

ಆದರೆ ಆ ಮಿಷನ್ ಬಂದ ದಿನ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ತಂದುಕೊಟ್ಟ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಅದು. ಅಂಥ ಒಂದು ಗಿರಣಿಯ ರಿಪೇರಿ ಶಾಪಿನ ಸಾಮಾನನ್ನು ಗುಜರಿಯವರು ತೂಕದ ಲೆಕ್ಕದಲ್ಲಿ ಎತ್ತುತ್ತಿದ್ದರು. ಮೂಲೆಯಲ್ಲಿ ಎಣ್ಣೆ ಜಿಡ್ಡು, ಹತ್ತಿ ಧೂಳು ಎರಡೂ ಸೇರಿ ಕಂಬಳಿ ಹೊದ್ದಂತೆ ನಿಂತಿದ್ದ ಹಳೇ ಲೇಥನ್ನು ಮಾವ ನೋಡಿ, ಬೆಡ್ಡಿನ ಮೇಲೆ ಹೆಬ್ಬೆರಳು ಎಳೆದು, "ಇದನ್ನ ಒಡೆಯಕ್ಕೆ ಬಿಡಬಾರದು" ಅಂದು ಗುಜರಿ ರೇಟಿಗಿಂತ ಒಂದಿಷ್ಟು ಮೇಲೆ ಕೊಟ್ಟು ತಂದ. ಟ್ರ್ಯಾಕ್ಟರ್ ಟ್ರೈಲರಿನಿಂದ ಇಳಿಸಿ, ಕಬ್ಬಿಣದ ಪೈಪುಗಳ ಮೇಲೆ ಉರುಳಿಸಿ ಒಳಗೆ ತರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಅತ್ತೆ ಹೊಸ ಸೊಸೆಗೆ ಮಾಡಿದಂತೆ ಅದಕ್ಕೆ ಆರತಿ ಎತ್ತಿ, ಕೆಲಸದ ತುಂಡು ಹಿಡಿದು ತಿರುಗುವ ಚಕ್ಕಿಗೆ ಕುಂಕುಮ ಇಟ್ಟು, ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಹಸಿಶುಂಠಿ ಜಜ್ಜಿ ಹಾಕಿದ ಆ ಮಜ್ಜಿಗೆಯ ರುಚಿ ಈಗಲೂ ನಾಲಿಗೆಗೆ ಬರುತ್ತದೆ.

ಮಿಷನ್ನಿನ ಜೊತೆಗೆ ಒಂದು ಮರದ ಪೆಟ್ಟಿಗೆ ಬಂದಿತ್ತು. ಒಳಗೆಲ್ಲ ಗೇರುಗಳು. 20 ಹಲ್ಲಿನದು, 25ರದು, 30ರದು, ಹೀಗೆ ಐದೈದು ಏರುತ್ತ 100ರ ತನಕ. ಅವುಗಳ ಮಧ್ಯೆ ಒಂದು ಒಂಟಿ ಗೇರು ಮಾತ್ರ ಯಾವ ಲೆಕ್ಕಕ್ಕೂ ಸೇರದೆ ಕೂತಿತ್ತು. ಅದಕ್ಕೆ 63 ಹಲ್ಲು. ಯಾಕೆ 63 ಅಂತ ಮಾವನಿಗೂ ಗೊತ್ತಿಲ್ಲ. ಇನ್ನು ಮಿಷನ್ನಿನ ಹೆಸರು? ಹೆಸರಿನ ಫಲಕ ಇದ್ದ ಜಾಗದಲ್ಲಿ ನಾಲ್ಕು ರಿವೆಟ್ಟಿನ ತೂತು ಬಿಟ್ಟರೆ ಬೇರೇನೂ ಇಲ್ಲ. ಹಿತ್ತಾಳೆ ಫಲಕ ಅಂತ ಯಾರೋ ಮೊದಲೇ ಕಿತ್ತುಕೊಂಡಿದ್ದರು.

ಬರೀ ಟರ್ನಿಂಗ್ ಮಾಡುವುದಕ್ಕೆ ಮಾವನಿಗೆ ಯಾವ ಪುಸ್ತಕವೂ ಬೇಡ. ಶಾಫ್ಟು ತೆಳ್ಳಗೆ ಮಾಡುವುದು, ಬುಷ್ ಕೊರೆಯುವುದು, ಇದೆಲ್ಲ ಅವನ ಕೈಗೇ ಗೊತ್ತಿತ್ತು. ಥ್ರೆಡ್ ಹಾಕುವ ಮಾತು ಬಂದಾಗ ಪುಸ್ತಕ ಬೇಕು. ಈಗಿನ ಲೇಥಿನಲ್ಲಾದರೆ ಗೇರ್ ಬಾಕ್ಸಿನ ಹಿಡಿಕೆ ತಿರುಗಿಸಿದರೆ ಆಯಿತು. ಹಳೆಯದರಲ್ಲಿ ಹಾಗಲ್ಲ. ಮಿಷನ್ನಿನ ಉದ್ದಕ್ಕೂ ಲೀಡ್ ಸ್ಕ್ರೂ ಅಂತ ಒಂದು ದಪ್ಪ ತಿರುಪಿನ ಸರಳು ಇರುತ್ತದೆ. ಅದು ಒಂದು ಸುತ್ತು ಸುತ್ತಿದರೆ ಟೂಲು ಇಷ್ಟು ದೂರ ಸರಿಯುತ್ತದೆ ಅಂತ ಲೆಕ್ಕ. ಚಕ್ಕು ತಿರುಗುವುದಕ್ಕೂ ಈ ಸರಳು ತಿರುಗುವುದಕ್ಕೂ ಮಧ್ಯೆ ಗೇರು ಜೋಡಿಸಬೇಕು. ಯಾವ ಗೇರು ಮೇಲೆ, ಯಾವುದು ಕೆಳಗೆ ಅನ್ನುವುದರ ಮೇಲೆ ಇಂಚಿಗೆ ಎಷ್ಟು ಸುತ್ತಿನ ಥ್ರೆಡ್ ಬೀಳುತ್ತದೆ ಅನ್ನುವುದು ನಿಂತಿದೆ. ಆ ಪಟ್ಟಿ ಇರುವುದು ಮಿಷನ್ನಿನ ಪುಸ್ತಕದಲ್ಲಿ. ಮಾವ ಅದನ್ನು ಹುಡುಕಲು ಹೊರಟ.

ಮೊದಲು ಸಿಕ್ಕಿದ್ದು ಪಾಲಿಟೆಕ್ನಿಕ್ಕಿನ ಮೇಷ್ಟ್ರೊಬ್ಬರ ಹತ್ತಿರ. ಸಂಜೆ ಸೈಕಲ್ಲಿನಲ್ಲಿ ಬಂದು ಕೊಟ್ಟುಹೋದರು. 'ಹೌ ಟು ರನ್ ಎ ಲೇಥ್' ಅಂತ, ಅಮೆರಿಕದ ಸೌತ್ ಬೆಂಡ್ ಕಂಪನಿಯವರು ಅಚ್ಚು ಹಾಕಿಸಿ ಆಮೇಲೆ ಮತ್ತೆ ಮತ್ತೆ ತಂದ ಪುಸ್ತಕ. ನಾನು ದೊಡ್ಡವನಾದ ಮೇಲೆ ಅದನ್ನು ಪೂರ್ತಿ ಓದಿದ್ದೇನೆ. ಲೇಥಿನ ಕೆಲಸ ಕಲಿಯುವವರಿಗೆ ಅಷ್ಟು ತಾಳ್ಮೆಯಿಂದ ಹೇಳಿಕೊಡುವ ಪುಸ್ತಕ ಬಹಳ ಇಲ್ಲ. ಟೂಲು ಮಸೆಯುವ ಕೋನ, ಸೆಂಟರ್ ಹಾಕುವ ಬಗೆ, ಎಲ್ಲಕ್ಕೂ ಚಿತ್ರ. ಮಾವ ಅದಕ್ಕೆ ದಿನಪತ್ರಿಕೆಯ ರಟ್ಟು ಹಾಕಿ ದೇವರ ಗೂಡಿನ ಪಕ್ಕ ಇಟ್ಟ. ಆದರೆ ಅದು ಲೇಥುಗಳ ಬಗ್ಗೆ ಹೇಳುವ ಪುಸ್ತಕ, ನಮ್ಮ ಲೇಥಿನ ಬಗ್ಗೆ ಅಲ್ಲ.

ಎರಡನೆಯದು ಬೆಂಗಳೂರಿಂದ ಬಂತು. ಮಾವ ರಾತ್ರಿ ಬಸ್ಸು ಹತ್ತಿ ಎಸ್.ಪಿ. ರಸ್ತೆಯ ಕಡೆಯ ಒಂದು ಅಂಗಡಿಗೆ ಹೋಗಿದ್ದ. ಹಳೇ ಮಿಷನ್ನಿನ ಪುಸ್ತಕಗಳ ಜೆರಾಕ್ಸ್ ಅಲ್ಲಿ ಸಿಗುತ್ತದೆ ಅಂತ ಯಾರೋ ಹೇಳಿದ್ದರು. "ನಮ್ದು ಆರಿಂಚಿನ ಲೇಥು" ಅಂದನಂತೆ. ಅಂಗಡಿಯವರು ಕೊಟ್ಟ ಪುಸ್ತಕದ ಮೇಲೆ 12 ಇಂಚು ಅಂತಿತ್ತು. ಮಾವ ಅನುಮಾನಿಸಿದ್ದಕ್ಕೆ ಅವರು ವಿವರಿಸಿದರಂತೆ. ಇಂಗ್ಲೆಂಡಿನವರು ಬೆಡ್ಡಿನಿಂದ ಸೆಂಟರಿನ ತುದಿಗೆ ಎಷ್ಟು ಎತ್ತರ ಅಂತ ಅಳೆಯುತ್ತಾರೆ; ನಮ್ಮ ಕಡೆಯ ಟರ್ನರುಗಳಿಗೆ ರೂಢಿಯಾದದ್ದೂ ಅದೇ. ಅಮೆರಿಕದವರು ಬೆಡ್ಡಿಗೆ ತಾಗದೆ ಎಷ್ಟು ದೊಡ್ಡ ಚಕ್ರ ತಿರುಗುತ್ತದೆ ಅಂತ ಪೂರಾ ಅಡ್ಡಳತೆ ಹೇಳುತ್ತಾರೆ. ಅವರ 12, ನಮ್ಮ 6, ಎರಡೂ ಒಂದೇ. ಈ ಮಾತು ನಿಜ. ಚಿತ್ರದಲ್ಲಿದ್ದ ಹೆಡ್‌ಸ್ಟಾಕೂ ನಮ್ಮದರ ತದ್ರೂಪು. ಮಾವ ಖುಷಿಯಿಂದ ವಾಪಸು ಬಂದ. ಬರುವಾಗ ನನಗೊಂದು ಜಾಮಿಟ್ರಿ ಬಾಕ್ಸ್ ತಂದಿದ್ದ.

ಆ ವಾರದಲ್ಲೇ ಅವಲಕ್ಕಿ ಮಿಲ್ಲಿನವರು ಬಂದರು. ಅವರ ಹಳೇ ಮಿಷನ್ನಿನ ರೋಲು ಬಿಗಿಹಿಡಿಯುವ ಬೋಲ್ಟು ಮುರಿದಿತ್ತು. ಒಂದು ಇಂಚು ದಪ್ಪದ ವಿಟ್‌ವರ್ತ್ ಬೋಲ್ಟು, ಇಂಚಿಗೆ 8 ಸುತ್ತು. ನಟ್ಟು ಚೆನ್ನಾಗಿಯೇ ಇತ್ತು, ಬೋಲ್ಟು ಮಾತ್ರ ಹೊಸದು ಬೇಕು. ಮಾವ ಜೆರಾಕ್ಸ್ ಪುಸ್ತಕ ತೆಗೆದು, 8ರ ಸಾಲಿಗೆ ಬೆರಳಿಟ್ಟು, ಹೇಳಿದಂತೆಯೇ ಮೇಲೆ 30ರ ಗೇರು, ಸ್ಕ್ರೂಗೆ 40ರದು ಹಾಕಿದ. ಚಪ್ಪಟೆ ಬೆಲ್ಟು ಪಟಪಟ ಅಂತ ಶುರುವಾಯಿತು. ಕಬ್ಬಿಣದ ಸುರುಳಿ ನೀಲಿಗಟ್ಟಿ ಬೀಳುತ್ತಿದ್ದರೆ ನಾನು ಬ್ರಷ್ಷಿನಲ್ಲಿ ಎಣ್ಣೆ ಹಚ್ಚುತ್ತಿದ್ದೆ. ಎರಡನೇ ಸಲ ಟೂಲು ಓಡಿದಾಗ ಮಾವ, "ಯಾಕೋ ಉರುಟು ಕಾಣ್ತೈತಲ್ಲ" ಅಂದ. ಆದರೂ ನಿಲ್ಲಿಸಲಿಲ್ಲ. ಪುಸ್ತಕ ಅಚ್ಚಾದದ್ದು, ಅದರಲ್ಲೂ ಇಂಗ್ಲಿಷಿನದು. ತನ್ನ ಕಣ್ಣಿಗಿಂತ ಅದನ್ನೇ ನಂಬಿದ. ಕೊನೆಗೆ ನಟ್ಟು ಹಿಡಿದರೆ ಅರ್ಧ ಸುತ್ತೂ ಹತ್ತಲಿಲ್ಲ. ಮಿಲ್ಲಿನವರು ಏನೂ ಅನ್ನದೆ ಮುರುಕು ಬೋಲ್ಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, "ಸೋಮವಾರ ಬರ್ತೀವಿ" ಅಂದು ಹೋದರು. ಆ ರಾತ್ರಿ ಮಾವ ಊಟಕ್ಕೆ ಕೂತು ರೊಟ್ಟಿ ಮುರಿದಿದ್ದಷ್ಟೇ.

ಅತ್ತೆಯೇ ದಾರಿ ಹೇಳಿದ್ದು. ಅವಳ ತವರು ಹರಿಹರ. ಅವರ ಓಣಿಯಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯಿಂದ ರಿಟೈರ್ ಆದ ಒಬ್ಬ ಅಜ್ಜ ಇದ್ದ. "ಕಬ್ಬಿಣದ ಜಾತಕ ಓದೋನು ಅವನೊಬ್ಬನೇ, ಕರ್ಕೊಂಡು ಬರ್ರಿ" ಅಂದಳು.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಲೇಥ್ ಅನ್ನುವ ಶಬ್ದ ನಮ್ಮ ಸೀಮೆಯ ಹುಡುಗರಿಗೆ ಪರಕೀಯ ಅಲ್ಲ. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹರಿಹರದಲ್ಲಿ ಶುರುವಾಯಿತು. ಹೊರಗೆ ಮಹಾಯುದ್ಧ, ಹಡಗಿನಲ್ಲಿ ಮಿಷನ್ ತರಿಸುವುದು ದುಸ್ತರವಾಗಿದ್ದ ಹೊತ್ತು. ತುಂಗಭದ್ರೆಯ ದಂಡೆಯ ಊರಿನಲ್ಲಿ ರೈತರ ಮಕ್ಕಳು, ನೇಕಾರರ ಮಕ್ಕಳು ಲೇಥ್ ತಯಾರಿಸಲು ಕಲಿತರು. ಅದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಮೇವು ಕತ್ತರಿಸುವ ಮಿಷನ್ನು, ಕಬ್ಬಿಣದ ನೇಗಿಲು ಮಾಡಿದವರು. ಬೆಳಗಾವಿಯಲ್ಲಿ ಇವತ್ತಿಗೂ ಅವರ ಹೆಸರಿನ ರಸ್ತೆ ಇದೆ. ಹರಿಹರದ ಕಾರ್ಖಾನೆ ಈಗಿಲ್ಲ. ಆದರೆ ಅಲ್ಲಿಂದ ಹೊರಟ ಲೇಥುಗಳು ಎಷ್ಟೋ ಊರಿನ ಶೆಡ್ಡುಗಳಲ್ಲಿ ಇನ್ನೂ ತಿರುಗುತ್ತಿವೆ. ಅವುಗಳ ಸದ್ದು ಕೇಳಿದರೆ ನನಗೆ ಈಗಲೂ ನಿಂತು ನೋಡಬೇಕು ಅನ್ನಿಸುತ್ತದೆ.

ಹರಿಹರ ದಾವಣಗೆರೆಗೆ ದೂರವೇನಲ್ಲ, ಹದಿನಾಲ್ಕು ಕಿಲೋಮೀಟರು. ಭಾನುವಾರ ಬೆಳಿಗ್ಗೆ ಅಜ್ಜ ಬಂದ. ತೆಳ್ಳಗಿನ ಆಳು, ಬಿಳಿ ಪಂಚೆ, ಖಾಕಿ ಅಂಗಿ. ಸೊಂಟದಲ್ಲಿ ಎಲೆ ಅಡಿಕೆ ಸಂಚಿ. ಆ ಸಂಚಿಗೆ ಮೂರು ಮನೆ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ ಸುಣ್ಣ, ಮೂರನೆಯದರಲ್ಲಿ ಥ್ರೆಡ್ ಅಳೆಯುವ ಪಿಚ್ ಗೇಜು. ಆ ಗೇಜಿನ ಗರಗಸದಂಥ ಎಲೆಗಳಿಗೆ ಸದಾ ಒಂದು ಸಣ್ಣ ಅಡಿಕೆ ವಾಸನೆ. ಅಜ್ಜನಿಗೆ ಒಂದು ನೇಮ ಇತ್ತು. ಮಿಷನ್ನಿನ ಹತ್ತಿರ ತಿನ್ನುತ್ತಿರಲಿಲ್ಲ, ಉಗುಳುತ್ತಿರಲಿಲ್ಲ, ಕೂರುತ್ತಿರಲಿಲ್ಲ. ಅತ್ತೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರೆ ಶೆಡ್ಡಿನಿಂದ ಆಚೆ ಬೇವಿನ ಮರದ ಕೆಳಗೆ ಹೋಗಿ ತಿಂದು, ಕೈ ತೊಳೆದು, ಪಂಚೆಗೆ ಒರೆಸದೆ ಗಾಳಿಗೆ ಒಣಗಿಸಿಕೊಂಡು ಬರುತ್ತಿದ್ದ.

ಬಂದವನು ಮಿಷನ್ನನ್ನು ನೋಡಲೇ ಇಲ್ಲ. "ಕೆಟ್ಟ ಬೋಲ್ಟು ತೋರಿಸು ತಮ್ಮಾ" ಅಂದ. ಮಾವನಿಗೆ ನಾಚಿಕೆ. ಆದರೂ ತಂದುಕೊಟ್ಟ. ಅಜ್ಜ ಸ್ಕೇಲು ಇಟ್ಟು ನನಗೆ ಎಣಿಸಲು ಹೇಳಿದ. ಒಂದು ಇಂಚಿಗೆ ಸರಿಯಾಗಿ ಕೂರಲಿಲ್ಲ, ಐದು ಆಗಿ ಇನ್ನೊಂದು ಚೂರು ಉಳಿಯಿತು. "ಮೂರು ಇಂಚಿಗೆ ಎಣಿಸು ಮರಿ" ಅಂದ. 3 ಇಂಚಿಗೆ 16, ಕೂದಲು ಹೆಚ್ಚಿಲ್ಲ, ಕಡಿಮೆ ಇಲ್ಲ.

ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ ಕಣ್ಣು ಮುಚ್ಚಿ ಹೇಳಿದ್ದು ನನಗೆ ಶಬ್ದಶಃ ನೆನಪಿದೆ ಅಂತಲೇ ಅನ್ನಿಸುತ್ತದೆ. "ಬೀಳಬೇಕಾದ್ದು ಇಪ್ಪತ್ನಾಲ್ಕು, ಬಿದ್ದಿದ್ದು ಹದಿನಾರು. ಅಂದ್ರೆ ಆರಕ್ಕೆ ನಾಲ್ಕು. ನಿನ್ನ ಪುಸ್ತಕ ಇಂಚಿಗೆ ಆರು ಸುತ್ತಿನ ಲೀಡ್ ಸ್ಕ್ರೂ ಅಂತ ತಿಳ್ಕಂಡೈತೆ. ನಿನ್ನ ಮಿಷನ್ನಿಂದು ನಾಲ್ಕು ಸುತ್ತಿಂದು." ಮಾವ ಓಡಿಹೋಗಿ ಲೀಡ್ ಸ್ಕ್ರೂ ಒರೆಸಿ ಅಳೆದ. ನಾಲ್ಕೇ. ಮಿಷನ್ನನ್ನು ಮುಟ್ಟದೆ, ಬರೀ ಅದು ಮಾಡಿದ ತಪ್ಪನ್ನು ನೋಡಿ ಅದರ ಹೊಟ್ಟೆಯೊಳಗಿನದನ್ನು ಹೇಳಿದವನನ್ನು ನಾನು ಅವತ್ತೇ ಮೊದಲು ಕಂಡದ್ದು.

ಆಮೇಲೆ ಎದ್ದು ಮಿಷನ್ನಿನ ಸುತ್ತ ಬಂದ. ಒಂದು ಸ್ಕ್ರೂ ಡ್ರೈವರಿನ ತುದಿ ಬೇರಿಂಗಿಗೆ ಇಟ್ಟು, ಹಿಡಿ ಕಿವಿಗೆ ಇಟ್ಟು, ಡಾಕ್ಟರು ಎದೆ ನೋಡುವ ಹಾಗೆ ಕೇಳಿದ. ಬೆಡ್ಡು ಸವರಿದ. "ಯಜಮಾನ್ರೇ, ಇದು ನಿಮ್ಮ ಹರಿಹರದ್ದೇನ್ರಿ?" ಅಂತ ಮಾವ ಕೇಳಿದ, ದನಿಯಲ್ಲಿ ಆಸೆ. ಅಜ್ಜ ತಲೆಯಾಡಿಸಿದ. "ನಮ್ಮನಿ ಮಗಳಲ್ಲ ಇದು. ಬೆಡ್ಡು ನೋಡು, ಚಪ್ಪಟೆ. ಇಂಗ್ಲೆಂಡಿನೋರ ಪದ್ಧತಿ. ಅಮೆರಿಕದೋರಾದ್ರೆ ಮೇಲೆ ಮನೆ ಮಾಡಿನಂಗೆ ವಿ ಆಕಾರದ ಏಣು ಬಿಡ್ತಿದ್ರು. ಹೆಡ್ಡು ಮಾತ್ರ ಅಮೆರಿಕದ್ದರ ನಕಲು. ಉತ್ತರದ ಕಡೆ ಯಾರೋ ಎರಡು ಮಿಷನ್ ಮುಂದಿಟ್ಕಂಡು ಎರಕ ಹೊಯ್ದಾರೆ. ನಮ್ಮೂರ ದೇವರಂಗೆ, ಅರ್ಧ ಹರಿ ಅರ್ಧ ಹರ."

ನಾನು ನಕ್ಕೆ, ಅಜ್ಜ ನಗಲಿಲ್ಲ. ಹರಿಹರೇಶ್ವರನ ಗುಡಿಯಲ್ಲಿ ಒಂದೇ ವಿಗ್ರಹದ ಒಂದು ಮಗ್ಗುಲು ಶಿವ, ಇನ್ನೊಂದು ಮಗ್ಗುಲು ವಿಷ್ಣು. ದಿನಾ ಅದಕ್ಕೆ ಕೈ ಮುಗಿದು ಕಾರ್ಖಾನೆಗೆ ಹೋಗುತ್ತಿದ್ದವನಿಗೆ ಅದು ಹಗುರದ ಮಾತಲ್ಲ. ಆ ಕಾಲದಲ್ಲಿ ಬಟಾಲ, ಲುಧಿಯಾನ, ರಾಜಕೋಟ್ ಕಡೆ ಸಣ್ಣ ಫೌಂಡ್ರಿಗಳವರು ಹೊರದೇಶದ ಲೇಥು ನೋಡಿ ಅದೇ ಬಗೆಯದನ್ನು ಮಾಡುತ್ತಿದ್ದರು. ಬಡ ಶೆಡ್ಡುಗಳಿಗೆ ಅವೇ ಆಧಾರ. ಅಂಥವಕ್ಕೆ ಎಷ್ಟೋ ಸಲ ಪುಸ್ತಕವೇ ಇರುತ್ತಿರಲಿಲ್ಲ.

"ಹಂಗಾದ್ರೆ ಇದರ ಪುಸ್ತಕ?" ಅಂದ ಮಾವ.

ಅಜ್ಜ ನನ್ನ ಕಡೆ ತಿರುಗಿದ. "ಬರವಣಿಗೆ ದುಂಡಗೆ ಐತೇನು ಮರಿ?"

ನನ್ನ ಹತ್ತಿರ ಅರ್ಧ ಬರೆದ ಇನ್ನೂರು ಪುಟದ ಸಮಾಜ ವಿಜ್ಞಾನದ ನೋಟ್‌ಬುಕ್ಕು ಇತ್ತು. ಅದನ್ನೇ ತಿರುಗಿಸಿ ಹಿಂದಿನಿಂದ ಶುರು ಮಾಡಿದೆವು. ಆ ದಿನ, ಮರುದಿನ ಮಧ್ಯಾಹ್ನದ ತನಕ ಅಜ್ಜ ಅಳೆದ, ನಾನು ಬರೆದೆ, ಕನ್ನಡದಲ್ಲೇ. ಒಂದೊಂದು ಗೇರು ತೆಗೆದು ಮೊದಲ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸುವುದು. ಮಾವ ಎಣಿಸಿದ್ದನ್ನು ಅಜ್ಜ ಮತ್ತೆ ಎಣಿಸುವುದು. ಚಕ್ಕಿಗೂ ಗುರುತು ಹಾಕಿ, ಗಡಿಯಾರ ಹಿಡಿದು, ಬೆಲ್ಟು ಯಾವ ಮೆಟ್ಟಿಲಲ್ಲಿದ್ದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಬರೆಯುವುದು; ಜೋರಾಗಿ ತಿರುಗುವಾಗ ಎಣಿಸಲಾಗದು, ಅದಕ್ಕೆ ಪುಲ್ಲಿಗಳ ಅಡ್ಡಳತೆ ತೆಗೆದು ಲೆಕ್ಕ ಹಾಕಿದ. ಅಡ್ಡ ಸ್ಲೈಡಿನ ಡಯಲ್ಲಿನಲ್ಲಿ ಒಂದು ಗೆರೆಗೆ ಎಷ್ಟು ಥೌ, ಅಂದರೆ ಇಂಚಿನ ಸಾವಿರದ ಒಂದು ಪಾಲು ಎಷ್ಟು, ಅಂತ ಪರೀಕ್ಷೆ ಮಾಡಿದ. ಒಂದು ತಂತಿ ಹಿಡಿದು ಎಣ್ಣೆ ತೂತುಗಳನ್ನು ಹುಡುಕಿದ. ಮಾವನಿಗೆ ಎಂಟೋ ಒಂಬತ್ತೋ ಗೊತ್ತಿದ್ದವು. ಅಜ್ಜ ಹನ್ನೊಂದು ತೆಗೆದ. ಒಂದರ ಮೇಲೆ ಹಸಿರು ಬಣ್ಣ ಬಳಿದು ಮುಚ್ಚೇಬಿಟ್ಟಿದ್ದರು. ಅದನ್ನು ಕೆರೆದು ಮೊದಲ ಹನಿ ಎಣ್ಣೆ ಬಿಟ್ಟಾಗ, "ಎಷ್ಟು ವರ್ಷದ ಬಾಯಾರಿಕೆಯೋ" ಅಂದ.

63ರ ಗೇರಿನ ಒಗಟನ್ನು ಅವನು ಬಿಡಿಸಿದ್ದು ಬೇವಿನ ಮರದ ಕೆಳಗೆ, ಮಂಡಕ್ಕಿ ಮುಗಿದ ಮೇಲೆ. ಒಂದು ಇಂಚು ಅಂದರೆ 25.4 ಮಿಲಿಮೀಟರು. ಇಂಚಿನ ಲೀಡ್ ಸ್ಕ್ರೂ ಇರುವ ಮಿಷನ್ನಿನಲ್ಲಿ ಮಿಲಿಮೀಟರಿನ ಥ್ರೆಡ್ ಹಾಕಬೇಕಾದರೆ 127 ಹಲ್ಲಿನ ಗೇರು ಬೇಕು, ಯಾಕೆಂದರೆ 254ರ ಅರ್ಧ ಅದು. ಆದರೆ 127 ಅಂದರೆ ತಟ್ಟೆಯಷ್ಟು ಅಗಲ. ಸಣ್ಣ ಮಿಷನ್ನಿನ ಗೇರು ಮುಚ್ಚಳದೊಳಗೆ ಹಿಡಿಯಲಿಕ್ಕಿಲ್ಲ. ಅದರ ಅರ್ಧ ಮಾಡೋಣ ಅಂದರೆ ಅರವತ್ಮೂರೂವರೆ. ಅರ್ಧ ಹಲ್ಲು ಕಡಿಯುವುದಕ್ಕಾಗುವುದಿಲ್ಲ. ಅದಕ್ಕೇ ಬೇರೆ ಲೆಕ್ಕ: 1600ನ್ನು 63ರಿಂದ ಭಾಗಿಸಿದರೆ 25.4ಕ್ಕೆ ಕೂದಲೆಳೆಯಷ್ಟೇ ಕಡಿಮೆ, ಹಾಗಾಗಿ 63. ಒಂದು ಮೀಟರ್ ಉದ್ದದ ತಿರುಪಿಗೆ ಮಿಲಿಮೀಟರಿನ ಎಂಟನೇ ಒಂದು ಪಾಲು ತಪ್ಪು ಬರುತ್ತದೆ, ಅಷ್ಟೆ. ಬೋಲ್ಟು ನಟ್ಟಿಗೆ ಅದು ಲೆಕ್ಕಕ್ಕಿಲ್ಲ. ನಮ್ಮ ನಾಲ್ಕು ಸುತ್ತಿನ ಸ್ಕ್ರೂಗೆ 2 ಮಿಲಿಮೀಟರ್ ಪಿಚ್ ಬೇಕಾದರೆ ನಡೆಸುವ ಗೇರು 63 ಮತ್ತು 40, ನಡೆಯುವ ಗೇರು 80 ಮತ್ತು 100. ನಾನು ಗಡಿಬಿಡಿಯಲ್ಲಿ 36 ಅಂತ ಬರೆದೆ. ರಬ್ಬರು ತೆಗೆದರೆ ಅಜ್ಜ ಕೈ ಹಿಡಿದ. "ಅಳಿಸಬ್ಯಾಡ. ಗೀಟು ಹಾಕಿ ಮೇಲೆ ಬರಿ. ಎಲ್ಲಿ ತಪ್ಪಿತ್ತು ಅಂತ ಮುಂದಿನೋರಿಗೂ ಕಾಣ್ಲಿ."

ವಿಟ್‌ವರ್ತ್ ಯಾರು ಅಂತಲೂ ಅಲ್ಲೇ ಹೇಳಿದ. ಅದಕ್ಕಿಂತ ಮುಂಚೆ ಒಂದೊಂದು ಶಾಪಿನದು ಒಂದೊಂದು ಥ್ರೆಡ್. ಇಲ್ಲಿಯ ಬೋಲ್ಟಿಗೆ ಅಲ್ಲಿಯ ನಟ್ಟು ಕೂರುತ್ತಿರಲಿಲ್ಲ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಇಷ್ಟು ದಪ್ಪಕ್ಕೆ ಇಂಚಿಗೆ ಇಷ್ಟೇ ಸುತ್ತು, ಹಲ್ಲಿನ ಕೋನ 55 ಡಿಗ್ರಿ ಅಂತ ಒಂದು ಕಟ್ಟು ಮಾಡಿದ. ಹರಿಹರದ ಕಾರ್ಖಾನೆಗೆ ಸರಿಯಾಗಿ ನೂರು ವರ್ಷ ಮುಂಚೆ. ವಿಟ್‌ವರ್ತನ ಹೆಸರನ್ನು ಅಜ್ಜ ತನ್ನ ಗುರುವಿನ ಗುರುವಿನ ಹೆಸರು ಹೇಳಿದ ಹಾಗೆ ಹೇಳುತ್ತಿದ್ದ.

ಸೋಮವಾರ ಮಧ್ಯಾಹ್ನ ಮಿಲ್ಲಿನವರು ಬರುವ ಹೊತ್ತಿಗೆ ಹೊಸ ಸರಳು ಚಕ್ಕಿನಲ್ಲಿತ್ತು. ನೋಟ್‌ಬುಕ್ಕಿನ ಪ್ರಕಾರ ಮೇಲೆ 30, ಸ್ಕ್ರೂಗೆ 60. ಅಜ್ಜ ಟೂಲು ಇಳಿಸಲು ಬಿಡಲಿಲ್ಲ. ಬರೀ ಚರ್ಮ ಗೀರಿದಷ್ಟು ಒಂದು ಗೆರೆ ಓಡಿಸು ಅಂದ. ಮಿಷನ್ ನಿಲ್ಲಿಸಿ, ಸಂಚಿಯ ಮೂರನೇ ಮನೆಯಿಂದ ಗೇಜು ತೆಗೆದು 8ರ ಎಲೆ ಇಟ್ಟ. ಬಾಗಿಲ ಕಡೆಗೆ ಹಿಡಿದು ನೋಡಿದರೆ ಒಂದು ಹಲ್ಲಿನಲ್ಲೂ ಬೆಳಕು ನುಸುಳಲಿಲ್ಲ. ಆಮೇಲೆ ಮಾವ ಹತ್ತು ಹನ್ನೆರಡು ಸಲ ಟೂಲು ಓಡಿಸಿರಬೇಕು. ಕೊನೆಗೆ ನಟ್ಟು ಬೆರಳಲ್ಲೇ ತಿರುಗುತ್ತ, ಬುಡದ ತನಕ, ಅಲ್ಲಾಡದೆ ಹೋಯಿತು. ಮಾವ ಅದನ್ನು ತೆಗೆದು ಮತ್ತೆ ಹಾಕಿದ. ಮತ್ತೆ ತೆಗೆದು ಮತ್ತೆ ಹಾಕಿದ. ಅಜ್ಜನ ಕಾಲು ಮುಟ್ಟಲು ಬಗ್ಗಿದರೆ ಅವನು ಮಿಷನ್ನಿನ ಕಡೆ ಕೈ ತೋರಿಸಿದ.

ಮಿಲ್ಲಿನವರು ಸಂಜೆ ಮತ್ತೆ ಬಂದರು, ಬೋಲ್ಟು ಕೂತ ಸುದ್ದಿ, ಒಂದು ಚೀಲ ಬಿಸಿ ಅವಲಕ್ಕಿ ಎರಡನ್ನೂ ತಂದರು. ರೋಲಿನಿಂದ ಆಗತಾನೆ ಬಿದ್ದ ಅವಲಕ್ಕಿಗೆ ಅತ್ತೆ ಬೆಲ್ಲ, ಕಾಯಿತುರಿ ಕಲಸಿದಳು. ಅಜ್ಜ ಬೇವಿನ ಮರದ ಕೆಳಗೆ ಎರಡು ತುತ್ತು ತಿಂದಿರಬೇಕು, ಪಶ್ಚಿಮಕ್ಕೆ ಕಪ್ಪಾಗಿ, ಮಣ್ಣಿನ ವಾಸನೆ ಎದ್ದು, ವರ್ಷದ ಮೊದಲ ದೊಡ್ಡ ಮಳೆ ತಗಡಿನ ಮೇಲೆ ಸುರಿಯಿತು. ಆ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದು. ಶೆಡ್ಡಿನ ಒಂದು ಮೊಳೆ ತೂತಿನಿಂದ ನೀರು ತೊಟ್ಟಿಕ್ಕಿ ನೇರ ಲೇಥಿನ ಬೆಡ್ಡಿನ ಮೇಲೇ ಬೀಳುತ್ತಿತ್ತು. ಅಜ್ಜ ತಟ್ಟೆ ಅಲ್ಲೇ ಬಿಟ್ಟು ನೆನೆಯುತ್ತ ಓಡಿಬಂದು, ಹತ್ತಿ ವೇಸ್ಟಿನಿಂದ ಒರೆಸಿ, ಎಣ್ಣೆ ಸವರಿ, ಗೋಣಿಚೀಲ ಹೊದಿಸಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿದ: "ಇನ್ನೊಂದು ಸಾಲು ಬರಿ ಮರಿ!"

ನೋಟ್‌ಬುಕ್ಕು ಈಗ ನನ್ನ ಹತ್ತಿರ ಇದೆ. ಕೊನೆಯ ಸಾಲು, 'ಮಳೆಗಾಲಕ್ಕೆ ಮುಂಚೆ ಬೆಡ್ಡಿಗೆ ಎಣ್ಣೆ ಸವರಿ ಮುಚ್ಚುವುದು'. 'ಮುಚ್ಚುವುದು' ಅನ್ನುವಲ್ಲಿ ಹನಿ ಬಿದ್ದು ಶಾಯಿ ಹರಡಿದೆ.